ಕಡಲ ಮೇಲೆ ಹೆಲಿಕಾಪ್ಟರ್: ಮಸುಕು ಹವೆಯ ಅಪಾಯಗಳು

ದಡದಿಂದ ದ್ವೀಪಕ್ಕೆ, ಕಡಲ ನಡುವಿನ ತೈಲಬಾವಿಯ ಕಟ್ಟೆಗೆ, ಸಂಕಟಕ್ಕೆ ಸಿಕ್ಕ ಹಡಗಿಗೆ ಜನರನ್ನು ಬೇಗ ಮುಟ್ಟಿಸಲು ಹೆಲಿಕಾಪ್ಟರಿನಷ್ಟು ಒದಗಿಬರುವ ವಾಹನ ಇನ್ನೊಂದಿಲ್ಲ. ಅದಕ್ಕೆ ರನ್‌ವೇ ಬೇಡ, ಜೆಟ್ಟಿಯೂ ಬೇಡ. ಆದರೆ ಮಂಜು, ಮಳೆ, ತಗ್ಗಿಳಿದ ಮೋಡ ಅಥವಾ ಬರಿಯ ಕತ್ತಲೆ ದಿಗಂತವನ್ನು ಅಳಿಸಿದಾಗ ನೀರಿನ ಮೇಲಿನ ಹಾರಾಟದಲ್ಲಿ ಒಂದು ವಿಶಿಷ್ಟ ಬಗೆಯ ಅಪಘಾತ ನಡೆಯುತ್ತದೆ. ಎಂಜಿನ್ ಕೆಟ್ಟಿರುವುದಿಲ್ಲ, ರೋಟರ್ ಮುರಿದಿರುವುದಿಲ್ಲ, ಪೈಲಟ್ ಎಚ್ಚರವಾಗಿಯೇ ಇರುತ್ತಾರೆ. ಆದರೂ ಯಂತ್ರ ಯಾರಿಗೂ ತಿಳಿಯದಂತೆ ಇಳಿದು ನೀರಿಗೆ ಬಡಿಯುತ್ತದೆ. ಕಳೆದ ನಾಲ್ಕು ದಶಕಗಳ ಇಂಥ ಅಪಘಾತಗಳ ತನಿಖಾ ವರದಿಗಳನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಏನೇನೂ ಕಾಣದ ಸ್ಥಿತಿಗಿಂತ ಅಷ್ಟಿಷ್ಟು ಕಾಣುವ ಸ್ಥಿತಿ ಹೆಚ್ಚು ಮೋಸದ್ದು. ಪೂರ್ತಿ ಕುರುಡಾದ ಪೈಲಟ್ ಉಪಕರಣಗಳ ಮೊರೆಹೋಗುತ್ತಾರೆ; ಅರ್ಧ ಕಂಡವರು ತಮ್ಮ ಕಣ್ಣನ್ನು ನಂಬುತ್ತಾರೆ. ಈ ಲೇಖನ ಆ ಅರೆದೃಷ್ಟಿಯ ಕುರಿತದ್ದು.

1983ರ ಜುಲೈ 16ರಂದು ಇಂಗ್ಲೆಂಡಿನ ನೈಋತ್ಯ ತುದಿಯ ಪೆನ್‌ಜಾನ್ಸ್‌ನಿಂದ ಸಿಲಿ ದ್ವೀಪಗಳಿಗೆ ಹೊರಟ ಸಿಕೋರ್ಸ್ಕಿ ಎಸ್-61 ಹೆಲಿಕಾಪ್ಟರಿನ ಕಥೆ ಇದಕ್ಕೆ ಮಾದರಿಯಂತಿದೆ. ಒಳಗೆ 26 ಜನರಿದ್ದರು. ಹಾದಿ ಚಿಕ್ಕದು, ಅದೇ ಪೈಲಟ್‌ಗಳು ಅನೇಕ ಸಲ ಹಾರಿದ್ದು. ಅಂದು ಕಡಲು ಶಾಂತವಾಗಿತ್ತು, ಗಾಳಿ ಇರಲಿಲ್ಲ, ಮಂಜು ಮಾತ್ರ ಕವಿದಿತ್ತು. ನೀರು ಕಣ್ಣಿಗೆ ಬೀಳುತ್ತಿರಲಿ ಎಂದು ಸುಮಾರು 250 ಅಡಿ ಎತ್ತರದಲ್ಲಿ, ಕಣ್ಣಂದಾಜಿನಲ್ಲಿ ಹಾರಾಟ ಸಾಗಿತ್ತು. ಮುಖ್ಯ ದ್ವೀಪವಾದ ಸೇಂಟ್ ಮೇರೀಸ್ ಇನ್ನೇನು ಸಿಕ್ಕಿತು ಎನ್ನುವಾಗ ಹೆಲಿಕಾಪ್ಟರ್ ಕಡಲಿಗೆ ಬಡಿಯಿತು. ಇಬ್ಬರು ಪೈಲಟ್‌ಗಳು ಮತ್ತು ನಾಲ್ವರು ಪ್ರಯಾಣಿಕರು ಉಳಿದರು. ಇಪ್ಪತ್ತು ಜನ ಸತ್ತರು. ತಾವು ಇಳಿಯುತ್ತಿದ್ದೇವೆಂಬುದು ಪೈಲಟ್‌ಗಳಿಗೆ ಬಡಿಯುವ ಗಳಿಗೆಯವರೆಗೂ ತಿಳಿದಿರಲಿಲ್ಲ. ಕಣ್ಣಿನಿಂದ ಹಾರಲು ತಕ್ಕದ್ದಲ್ಲದ ಹವೆಯಲ್ಲಿ ಕಣ್ಣನ್ನೇ ನೆಚ್ಚಿ ಹಾರಿದ್ದು, ಬಯಸದೆ ನಡೆದ ಇಳಿತವನ್ನು ಗಮನಿಸದೆ ಹೋದದ್ದು ಕಾರಣ ಎಂದು ಬ್ರಿಟನ್ನಿನ ತನಿಖಾಧಿಕಾರಿಗಳು ಬರೆದರು. ಎತ್ತರ ತಗ್ಗಿದಾಗ ಕಿವಿಗೆ ಕೇಳುವಂತೆ ಎಚ್ಚರಿಸುವ ಸಾಧನ ಇಲ್ಲದ್ದನ್ನೂ ಅವರು ಎತ್ತಿ ತೋರಿಸಿದರು. ಲೆಕ್ಕ ಹಾಕಿ ನೋಡಬಹುದು: ನಿಮಿಷಕ್ಕೆ 300 ಅಡಿಯಂತೆ ನಯವಾಗಿ ಇಳಿದರೆ ಮೈಗೆ ಅದರ ಅರಿವಾಗುವುದು ಕಷ್ಟ, ಆದರೆ 250 ಅಡಿ ಕರಗಲು 50 ಸೆಕೆಂಡು ಸಾಕು. ರೇಡಿಯೋದಲ್ಲಿ ಎರಡು ಮಾತಾಡಿ, ಮುಂದೆ ದಡ ಕಾಣುತ್ತದೆಯೇ ಎಂದು ಇಣುಕುವಷ್ಟರಲ್ಲಿ ಅಷ್ಟು ಹೊತ್ತು ಹೋಗಿರುತ್ತದೆ.

ನೆಲದ ಮೇಲೆ ಹಾರುವಾಗ ಮರ, ಮನೆ, ರಸ್ತೆ, ದನಕರುಗಳು ಎತ್ತರವನ್ನು ಹೇಳುತ್ತಲೇ ಇರುತ್ತವೆ. ಅವುಗಳ ಅಳತೆ ನಮಗೆ ಮೊದಲೇ ಗೊತ್ತು. ಆ ಗೊತ್ತಿರುವುದರಿಂದ ಗೊತ್ತಿಲ್ಲದ ದೂರವನ್ನು ಕಣ್ಣು ಅಳೆಯುತ್ತದೆ. ನೀರಿಗೆ ಅಂಥ ಅಳತೆಗೋಲಿಲ್ಲ. ಅಲೆ ಒಂದು ಅಡಿಯದೂ ಇರಬಹುದು, ಹತ್ತು ಅಡಿಯದೂ ಇರಬಹುದು. ಹತ್ತಿರದ ಚಿಕ್ಕ ಅಲೆಗೂ ದೂರದ ದೊಡ್ಡ ಅಲೆಗೂ ಕಣ್ಣಿಗೆ ಭೇದವಿಲ್ಲ. ಗಾಳಿ ನಿಂತು ಕಡಲು ಕನ್ನಡಿಯಾದರೆ ಇನ್ನೂ ಕಷ್ಟ, ಮೇಲ್ಮೈ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಅದರ ಮೇಲೆ ತೆಳು ಮಂಜು ಹರಡಿತೆಂದರೆ ಬೂದು ಆಕಾಶ ಬೂದು ನೀರಿನೊಳಗೆ ಬೆರೆತು, ಎರಡರ ನಡುವಿನ ಗೆರೆ ಮಾಯವಾಗುತ್ತದೆ. ನೇರ ಕೆಳಗೆ ನೋಡಿದರೆ ನೀರು ಕಾಣುತ್ತದೆ, ಮುಂದೆ ನೋಡಿದರೆ ಏನೂ ಇಲ್ಲ. ಈ ಕೆಳಗೆ ಕಾಣುವ ತುಂಡು ನೀರೇ ಪೈಲಟ್‌ಗೆ ಸುಳ್ಳು ಧೈರ್ಯ ಕೊಡುವುದು. ನೀರಿಗೆ ತೀರ ಹತ್ತಿರ ತೇಲಿ ನಿಂತಾಗ ಮತ್ತೊಂದು ಮೋಸವಿದೆ. ರೋಟರಿನ ಗಾಳಿ ಕೆಳಗೆ ಬಡಿದು ತುಂತುರನ್ನೂ ಕಿರುದೆರೆಗಳನ್ನೂ ಸುತ್ತ ಹೊರಕ್ಕೆ ಓಡಿಸುತ್ತದೆ. ತೆರೆ ಮುಂದಕ್ಕೆ ಓಡುವುದನ್ನು ಕಂಡ ಕಣ್ಣು ತಾನೇ ಹಿಂದಕ್ಕೆ ಸರಿಯುತ್ತಿದ್ದೇನೆ ಎಂದುಕೊಳ್ಳುತ್ತದೆ. ಉದುರುವ ಹನಿಗಳನ್ನು ಕಂಡು ತಾನು ಮೇಲೇರುತ್ತಿದ್ದೇನೆ ಎಂದುಕೊಳ್ಳುತ್ತದೆ. ಪೈಲಟ್ ಅದನ್ನು ಸರಿಪಡಿಸಲು ಹೋದರೆ, ಇಲ್ಲದ ತಪ್ಪನ್ನು ತಿದ್ದಿ ನಿಜವಾದ ತಪ್ಪು ಮಾಡುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಜೀವದ ಮಾತು.

ಕಣ್ಣು ಕೈಕೊಟ್ಟಾಗ ದೇಹ ಒಳಗಿವಿಯನ್ನು ನಂಬುತ್ತದೆ. ಅಲ್ಲಿನ ಮೂರು ಅರೆವೃತ್ತ ನಾಳಗಳೊಳಗಿನ ದ್ರವ ತಲೆ ತಿರುಗಿದಾಗ ಹಿಂದುಳಿದು, ತಿರುಗುವಿಕೆಯ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ನಡೆಯಲು, ಓಡಲು, ಮರ ಹತ್ತಲು ಇದು ಸಾಕು. ಹಾರಲು ಸಾಲದು. ತಿರುಗುವಿಕೆ ಬಹಳ ನಿಧಾನವಾಗಿ ಶುರುವಾದರೆ ನಾಳಗಳಿಗೆ ಅದು ತಟ್ಟುವುದೇ ಇಲ್ಲ. ಒಂದೇ ಸಮನೆ ಕೆಲವು ಸೆಕೆಂಡು ಮುಂದುವರಿದರೆ ದ್ರವವೂ ಜೊತೆಗೂಡಿ ತಿರುಗಿ, ನೇರ ಹೋಗುತ್ತಿದ್ದೇನೆ ಎಂಬ ಭಾವ ಬರುತ್ತದೆ. ವೇಗ ಹೆಚ್ಚಿದಾಗ ಒಳಗಿವಿಯ ಇನ್ನೊಂದು ಭಾಗ ಅದನ್ನು ಮೂತಿ ಮೇಲೆದ್ದಂತೆ ತಿಳಿಯುತ್ತದೆ. ಆಗ ಪೈಲಟ್ ಅರಿವಿಲ್ಲದೆ ಮೂತಿಯನ್ನು ಕೆಳಗೊತ್ತುತ್ತಾರೆ. ಇದನ್ನೆಲ್ಲ ಸೇರಿಸಿ ದಿಗ್ಭ್ರಾಂತಿ ಎನ್ನಬಹುದು, ಆದರೆ ಇಲ್ಲಿ ತಪ್ಪುವುದು ದಿಕ್ಕೊಂದೇ ಅಲ್ಲ, ಮೇಲು ಕೆಳಗೂ ತಪ್ಪುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ಹಾರಾಟದ ತರಬೇತಿಯಿಲ್ಲದ 20 ಪೈಲಟ್‌ಗಳಿಗೆ ಹೊರಗಿನ ನೋಟ ಮರೆಮಾಡಿ ಸಣ್ಣ ವಿಮಾನ ಹಾರಿಸಲು ಹೇಳಲಾಯಿತು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಹೊತ್ತು 178 ಸೆಕೆಂಡು. ಅದು ಸ್ಥಿರ ರೆಕ್ಕೆಯ ವಿಮಾನದ ಮಾತು. ಅಂಥ ವಿಮಾನ ಕೈಬಿಟ್ಟರೂ ತುಸು ಹೊತ್ತು ತನ್ನಷ್ಟಕ್ಕೆ ತಾನು ನೆಟ್ಟಗೆ ಹೋಗುತ್ತದೆ. ಹೆಲಿಕಾಪ್ಟರಿನ ಸ್ವಭಾವ ಬೇರೆ. ಆಟೊಪೈಲಟ್ಟಿನ ನೆರವಿಲ್ಲದಿದ್ದರೆ ಅದನ್ನು ಎರಡು ಕೈ, ಎರಡು ಕಾಲುಗಳಿಂದ ಕ್ಷಣಕ್ಷಣಕ್ಕೂ ಹಿಡಿದಿಟ್ಟುಕೊಳ್ಳಬೇಕು. ಹಿಡಿದಿಡಬೇಕಾದ ದಿಕ್ಕೇ ತಪ್ಪಿದರೆ ಸಿಗುವ ಸಮಯ ಇನ್ನೂ ಕಡಿಮೆ.

ಹಾಗಿದ್ದರೆ ಹೊರಗೆ ನೋಡದೆ ಉಪಕರಣಗಳನ್ನೇ ನೋಡಿ ಹಾರಬಹುದಲ್ಲ ಎಂಬ ಪ್ರಶ್ನೆ ಸಹಜ. ಪ್ರಯಾಣದ ಬಹುಭಾಗ ಹಾಗೆಯೇ ನಡೆಯಬೇಕು, ನಡೆಯುತ್ತದೆ ಕೂಡ. ತೊಡಕು ಇರುವುದು ಕೊನೆಯಲ್ಲಿ. ದೊಡ್ಡ ವಿಮಾನ ಸಜ್ಜಾದ ವಿಮಾನನಿಲ್ದಾಣದಲ್ಲಿ ದಟ್ಟ ಮಂಜಿನಲ್ಲೂ ತಾನಾಗಿ ಇಳಿಯಬಲ್ಲದು. ಕಡಲ ನಡುವಿನ ಕಟ್ಟೆಯಲ್ಲಿ ಆ ಏರ್ಪಾಡಿಲ್ಲ. ಹೆಲಿಕಾಪ್ಟರಿನ ವೇಗಮಾಪಕ ಸುಮಾರು 40 ನಾಟಿಗಿಂತ ಕಡಿಮೆ ವೇಗದಲ್ಲಿ ನೆಚ್ಚುವಂತಿಲ್ಲ, ಆದ್ದರಿಂದ ಉಪಕರಣ ಹಾರಾಟಕ್ಕೆ ಪ್ರತಿ ಮಾದರಿಗೂ ಒಂದು ಕನಿಷ್ಠ ವೇಗ ನಿಗದಿಯಾಗಿರುತ್ತದೆ. ಇಳಿಯಬೇಕಾದರೆ ಆ ವೇಗದ ಕೆಳಗೆ ಬರಲೇಬೇಕು, ಬಂದಮೇಲೆ ಕಣ್ಣೇ ಗತಿ. ಗಾಳಿಯ ಒತ್ತಡದಿಂದ ಎತ್ತರ ಹೇಳುವ ಮಾಪಕವೂ ಸ್ಥಳದ ಒತ್ತಡಕ್ಕೆ ಹೊಂದಿಸಿದ್ದರೆ ಮಾತ್ರ ನಿಜ ಹೇಳುತ್ತದೆ. ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ 27ರಿಂದ 30 ಅಡಿಯಷ್ಟು ತಪ್ಪು. ನೀರಿಗೆ ರೇಡಿಯೋ ತರಂಗ ಬಿಟ್ಟು ಅದು ಮರಳುವ ಹೊತ್ತಿನಿಂದ ಎತ್ತರ ಅಳೆಯುವ ರೇಡಿಯೋ ಆಲ್ಟಿಮೀಟರ್ ಇಲ್ಲಿ ನಿಜವಾದ ಗೆಳೆಯ. ಉತ್ತರ ಸಮುದ್ರದಲ್ಲಿ ರೂಢಿಗೆ ಬಂದ ವಿಧಾನವೆಂದರೆ ಹೆಲಿಕಾಪ್ಟರಿನಲ್ಲಿರುವ ಹವಾಮಾನ ರೇಡಾರಿನಿಂದಲೇ ಕಟ್ಟೆಯನ್ನು ಗುರುತಿಸಿ, ಹಗಲಲ್ಲಿ 200 ಅಡಿ, ಇರುಳಲ್ಲಿ 300 ಅಡಿಗಿಂತ ಕೆಳಗಿಳಿಯದೆ ಸಮೀಪಿಸುವುದು. ಮುಕ್ಕಾಲು ನಾಟಿಕಲ್ ಮೈಲಿ, ಅಂದರೆ ಸುಮಾರು 1.4 ಕಿಲೋಮೀಟರ್ ದೂರದಲ್ಲಿ ಕಟ್ಟೆ ಕಾಣದಿದ್ದರೆ ತಿರುಗಿ ಮೇಲೇರಬೇಕು. ಕಂಡರೆ ಅಲ್ಲಿಂದ ಮುಂದೆ ಉಪಕರಣ ಬಿಟ್ಟು ಕಣ್ಣಿಗೆ ಬದಲಾಗಬೇಕು. ಈ ಕೈಬದಲಾವಣೆಯ 1.4 ಕಿಲೋಮೀಟರಿನಲ್ಲೇ ಸಾವುಗಳು ಕಾದಿರುತ್ತವೆ.

ಎರಡು ಘಟನೆ ನೋಡಬಹುದು. 2006ರ ಡಿಸೆಂಬರ್ 27ರ ರಾತ್ರಿ ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಮೋರ್‌ಕಮ್ ಕೊಲ್ಲಿಯ ಅನಿಲ ಕಟ್ಟೆಯೊಂದಕ್ಕೆ ಇಳಿಯಲು ಹೊರಟ ಡಾಫಿನ್ ಹೆಲಿಕಾಪ್ಟರ್ ಕಡಲಿಗೆ ಬಿದ್ದು ಏಳೂ ಜನ ಸತ್ತರು. ಹಾರಿಸುತ್ತಿದ್ದ ಸಹಪೈಲಟ್‌ಗೆ ಕತ್ತಲೆ ಮತ್ತು ಮಸುಕಿನಲ್ಲಿ ಇಳಿಯುವ ಕೋನ ತಪ್ಪಿತು. ತನ್ನಿಂದಾಗದೆಂದು ಅರಿತು ನೆರವು ಕೇಳಿದರು. ಕ್ಯಾಪ್ಟನ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಸಮಯ ಮುಗಿದಿತ್ತು. 2009ರ ಫೆಬ್ರವರಿ 18ರ ರಾತ್ರಿ ಸ್ಕಾಟ್‌ಲೆಂಡಿನ ಪೂರ್ವಕ್ಕೆ ಇಟ್ಯಾಪ್ ಎಂಬ ತೈಲ ಕಟ್ಟೆಯ ಬಳಿ ಸೂಪರ್ ಪೂಮಾ ಹೆಲಿಕಾಪ್ಟರ್ ನೀರಿಗಿಳಿಯಿತು. ಕಟ್ಟೆಯ ಸುತ್ತ ಮಂಜು ಕಟ್ಟಿತ್ತು, ದೀಪಗಳ ಬೆಳಕು ಅದರಲ್ಲಿ ಹರಡಿ ಹೊಳೆಯುತ್ತಿತ್ತು. ಕಟ್ಟೆ ತಮಗೆ ಕಾಣುತ್ತಿದೆ ಎಂದೇ ಇಬ್ಬರೂ ಪೈಲಟ್‌ಗಳು ನಂಬಿದ್ದರು. ಅದಕ್ಕೆ ತಾವಿರುವ ದೂರ ಮತ್ತು ಎತ್ತರದ ಎಣಿಕೆ ಮಾತ್ರ ತಪ್ಪಾಗಿತ್ತು. ಅಲೆ ಶಾಂತವಾಗಿದ್ದುದರಿಂದ, ತೇಲುಚೀಲಗಳು ಉಬ್ಬಿ ಯಂತ್ರ ಮಗುಚದೆ ನಿಂತದ್ದರಿಂದ 18 ಜನರೂ ಬದುಕಿದರು. ಸುತ್ತ ಕಾಡಿಗೆಗಪ್ಪು, ನಡುವೆ ಒಂದೇ ಬೆಳಕಿನ ಗೊಂಚಲು: ಇಂಥ ನೋಟದಲ್ಲಿ ಎತ್ತರ ಅಳೆಯಲು ಮನುಷ್ಯನ ಕಣ್ಣಿಗೆ ಆಗುವುದಿಲ್ಲ. ಹೆಲಿಡೆಕ್ಕಿನ ಅಂಚಿಗೆ ಹಸಿರು ದೀಪ, ಇಳಿಯುವ ವೃತ್ತಕ್ಕೆ ಹಳದಿ, ಅದರೊಳಗೆ ಬೆಳಗುವ ಹಸಿರು ಎಚ್ ಅಕ್ಷರ ಅಳವಡಿಸುವ ಕ್ರಮವನ್ನು ಬ್ರಿಟನ್ ರೂಪಿಸಿದ್ದು, ಕಟ್ಟೆಯ ಇತರ ನೂರಾರು ದೀಪಗಳಿಂದ ಇಳಿಯುವ ಜಾಗ ಬೇರೆಯಾಗಿ, ವಾಲು ಸಮೇತ ಕಾಣಲಿ ಎಂದು.

ನುರಿತವರಿಗೆ ಇದು ಆಗದು ಎಂಬ ನಂಬಿಕೆ ಹಾರಾಟಗಾರರಲ್ಲೂ ಹೊರಗಿನವರಲ್ಲೂ ಗಟ್ಟಿಯಾಗಿದೆ. ಸಾಕ್ಷ್ಯ ಅದನ್ನು ಒಪ್ಪುವುದಿಲ್ಲ. ಒಳಗಿವಿಯ ನಾಳ ಅನುಭವದಿಂದ ಬದಲಾಗುವುದಿಲ್ಲ. ಹತ್ತು ಸಾವಿರ ಗಂಟೆ ಹಾರಿದವರಿಗೂ ಅದು ಅದೇ ಸುಳ್ಳು ಹೇಳುತ್ತದೆ. 2015ರ ಮಾರ್ಚ್ 10ರ ರಾತ್ರಿ ಅಮೆರಿಕದ ಫ್ಲಾರಿಡಾದ ಎಗ್ಲಿನ್ ವಾಯುನೆಲೆಯ ಬಳಿ ಸಾಂಟಾ ರೋಸಾ ಜಲಸಂಧಿಯಲ್ಲಿ ಸೇನೆಯ ಬ್ಲ್ಯಾಕ್ ಹಾಕ್ ಬಿದ್ದು 11 ಜನ ಸತ್ತರು. ಅನುಭವವಿದ್ದ ಸಿಬ್ಬಂದಿ ಅವರು. ಮಂಜು ಹೆಚ್ಚಿದ್ದನ್ನು ಕಂಡು ಹಿಂದಿರುಗಲು ತೀರ್ಮಾನಿಸಿಯೂ ಆಗಿತ್ತು. ಕಣ್ಣಿನ ಹಾರಾಟದಿಂದ ಉಪಕರಣ ಹಾರಾಟಕ್ಕೆ ಬದಲಾಗುವ ಕೆಲವೇ ಸೆಕೆಂಡುಗಳಲ್ಲಿ ಅವರು ದಿಗ್ಭ್ರಾಂತರಾದರು. ಜೊತೆಗೆ ಹೊರಟಿದ್ದ ಇನ್ನೊಂದು ಹೆಲಿಕಾಪ್ಟರ್ ಕ್ಷೇಮವಾಗಿ ಮರಳಿತು. ನನ್ನ ದೃಷ್ಟಿಯಲ್ಲಿ ಈ ಘಟನೆ ಹೇಳುವ ಮಾತು ಅನುಭವದ ವಾದಕ್ಕಿಂತ ದೊಡ್ಡದು. ಸರಿಯಾದ ನಿರ್ಧಾರವೂ ತಡವಾದರೆ ಉಳಿಸಲಾರದು. ಅನುಭವ ನಿಜವಾಗಿ ಕೆಲಸಕ್ಕೆ ಬರುವುದು ಮಂಜಿನೊಳಗೆ ಹೊಕ್ಕ ಮೇಲಲ್ಲ, ಹೊಗುವ ಮೊದಲು.

ಯಂತ್ರದ ಮೇಲೆ ಭಾರ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. ಈಚಿನ ಹೆಲಿಕಾಪ್ಟರುಗಳ ಆಟೊಪೈಲಟ್ ಎತ್ತರ, ವೇಗ, ದಿಕ್ಕು ಎಲ್ಲವನ್ನೂ ಹಿಡಿದಿಡಬಲ್ಲದು, ಮನುಷ್ಯನಿಗಿಂತ ಚೆನ್ನಾಗಿ. ಸಿಲಿ ಅಪಘಾತದ ನಂತರ ಬ್ರಿಟನ್ನಿನ ಕಡಲ ಹೆಲಿಕಾಪ್ಟರುಗಳಿಗೆ ಕಡ್ಡಾಯವಾದ ದನಿಯ ಎಚ್ಚರಿಕೆ ಸಾಧನವೂ ದೊಡ್ಡ ಉಪಕಾರವೇ. ಆದರೆ 2013ರ ಆಗಸ್ಟ್ 23ರಂದು ಶೆಟ್‌ಲ್ಯಾಂಡ್ ದ್ವೀಪಗಳ ಸಂಬರೊ ವಿಮಾನನಿಲ್ದಾಣಕ್ಕೆ ಇಳಿಯುತ್ತಿದ್ದ ಸೂಪರ್ ಪೂಮಾದಲ್ಲಿ ಆಟೊಪೈಲಟ್ ಕೆಲಸ ಮಾಡುತ್ತಲೇ ಇತ್ತು. ತಗ್ಗು ಮೋಡದ ದಿನ. ಇಳಿತದ ದರವನ್ನು ಯಂತ್ರ ಕಾಯುತ್ತಿತ್ತು, ವೇಗವನ್ನು ಕಾಯುವ ಕೆಲಸ ಪೈಲಟ್‌ಗಳಿಗೆ ಉಳಿದಿತ್ತು. ವೇಗ ಕುಸಿಯುತ್ತ ಹೋದದ್ದನ್ನು ಯಾರೂ ಗಮನಿಸಲಿಲ್ಲ; ಇಳಿತದ ದರ ಕಾಪಾಡಲು ಆಟೊಪೈಲಟ್ ಮೂತಿಯನ್ನು ಎತ್ತುತ್ತ ಹೋಯಿತು, ಅದರಿಂದ ವೇಗ ಇನ್ನೂ ಕುಸಿಯಿತು. ಕಡೆಗೆ ಹೆಲಿಕಾಪ್ಟರ್ ಕಡಲಿಗೆ ಬಿದ್ದು ಮಗುಚಿತು, 18 ಜನರಲ್ಲಿ ನಾಲ್ವರು ಸತ್ತರು. ಉಪಕರಣಗಳನ್ನು ಸರಿಯಾಗಿ ಕಾಯಲಿಲ್ಲ ಎಂಬುದೇ ತನಿಖೆಯ ಮುಖ್ಯ ಮಾತು, ಮೂವತ್ತು ವರ್ಷ ಹಿಂದೆ ಸಿಲಿ ಅಪಘಾತದ ಬಗ್ಗೆ ಬರೆದದ್ದಕ್ಕೆ ತೀರ ಹತ್ತಿರದ್ದು. ಹೀಗೆಂದು ಆಟೊಪೈಲಟ್ ಬೇಡವೆನ್ನುವಂತಿಲ್ಲ. ಯಂತ್ರಕ್ಕೆ ಅರ್ಧ ಕೆಲಸ ಕೊಟ್ಟು ಉಳಿದರ್ಧವನ್ನು ಮನುಷ್ಯನಿಗೆ ಬಿಡುವುದು ಅರೆದೃಷ್ಟಿಯಷ್ಟೇ ಮೋಸದ್ದು ಎಂಬುದನ್ನು ಮಾತ್ರ ಇದು ತೋರಿಸುತ್ತದೆ. ವೇಗ, ಎತ್ತರ, ದಿಕ್ಕು ಮೂರನ್ನೂ ಯಂತ್ರಕ್ಕೆ ಒಪ್ಪಿಸಿ, ಒಬ್ಬ ಪೈಲಟ್ ಕೊನೆಯವರೆಗೂ ಉಪಕರಣದಿಂದ ಕಣ್ಣು ತೆಗೆಯದೆ ಕೂರುವ ಕ್ರಮ ಹೆಚ್ಚು ಭದ್ರ.

ಕಡಲ ಹೆಲಿಕಾಪ್ಟರುಗಳ ದೊಡ್ಡ ಸಾವುಗಳಿಗೆ ಯಂತ್ರದೋಷವೇ ಕಾರಣವಲ್ಲವೇ ಎಂದು ಕೇಳುವವರಿದ್ದಾರೆ. ಅದರಲ್ಲಿ ಸುಳ್ಳಿಲ್ಲ. 1986ರ ನವೆಂಬರ್‌ನಲ್ಲಿ ಸಂಬರೊ ಬಳಿ ಚಿನೂಕ್ ಬಿದ್ದು 45 ಜನ, 2009ರ ಮಾರ್ಚ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡಿನಾಚೆ 17 ಜನ, 2016ರ ಏಪ್ರಿಲ್‌ನಲ್ಲಿ ನಾರ್ವೆಯ ತುರೋಯ್ ಬಳಿ 13 ಜನ ಸತ್ತದ್ದು ಗೇರ್‌ಬಾಕ್ಸಿನ ದೋಷಗಳಿಂದ. ಆದರೆ ಗೇರ್‌ಬಾಕ್ಸ್ ಒಡೆದರೆ ಅದನ್ನು ಬಿಚ್ಚಿ, ಬಿರುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೇರೆ ಬಗೆಯಲ್ಲಿ ಮಾಡಬಹುದು. ಒಂದು ಮಾದರಿಯನ್ನೇ ಹಾರದಂತೆ ನಿಲ್ಲಿಸಬಹುದು. ಕಣ್ಣು ಕಿವಿಗಳನ್ನು ಹಾಗೆ ಮರುವಿನ್ಯಾಸ ಮಾಡಲಾಗದು. ಆದ್ದರಿಂದಲೇ ಒಂದು ಬಗೆಯ ಅಪಘಾತ ಎಷ್ಟು ದೊಡ್ಡದಿದ್ದರೂ ಇನ್ನೊಂದರ ಬಗೆಗಿನ ಎಚ್ಚರವನ್ನು ಸಡಿಲಿಸಲು ಅದು ಕಾರಣವಾಗಬಾರದು.

ರಕ್ಷಣಾ ಹಾರಾಟದ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣ. ಮುಳುಗುತ್ತಿರುವವರ ಬಳಿಗೆ ಹೋಗಲು ಮಂಜು ಕರಗಲಿ ಎಂದು ಕಾಯಲಾಗದು. ರಕ್ಷಕರು ಹೊರಡುವುದೇ ಇತರರು ಹೊರಡದ ಹವೆಯಲ್ಲಿ. 2017ರ ಮಾರ್ಚ್ 14ರ ನಡುರಾತ್ರಿಯ ನಂತರ ಐರ್ಲೆಂಡಿನ ಮೇಯೊ ಕರಾವಳಿಯಲ್ಲಿ ರೆಸ್ಕ್ಯೂ 116 ಎಂಬ ಎಸ್-92 ಹೆಲಿಕಾಪ್ಟರ್, ಗಾಯಗೊಂಡ ಮೀನುಗಾರನನ್ನು ತರಲು ಹೊರಟಿದ್ದ ಇನ್ನೊಂದು ಹೆಲಿಕಾಪ್ಟರಿಗೆ ಬೆಂಬಲವಾಗಿ ಹೋಗಿ, ಇಂಧನ ತುಂಬಿಸಲು ಬ್ಲ್ಯಾಕ್‌ಸಾಡ್ ಕಡೆ 200 ಅಡಿ ಎತ್ತರದಲ್ಲಿ ಬರುತ್ತಿತ್ತು. ಹಾದಿಯಲ್ಲಿ ಬ್ಲ್ಯಾಕ್‌ರಾಕ್ ಎಂಬ ಬಂಡೆದ್ವೀಪವಿತ್ತು, 280 ಅಡಿಗೂ ಎತ್ತರ. ನೆಲ ಹತ್ತಿರವಾದರೆ ಎಚ್ಚರಿಸುವ ಸಾಧನದ ದತ್ತಾಂಶದಲ್ಲಿ ಆ ದ್ವೀಪವೇ ಇರಲಿಲ್ಲ. ಹಿಂದೆ ಕುಳಿತ ಸಿಬ್ಬಂದಿಯೊಬ್ಬರು ಅವಕೆಂಪು ಕ್ಯಾಮೆರಾದಲ್ಲಿ ಅದನ್ನು ಕಂಡು ಬಲಕ್ಕೆ ತಿರುಗಿಸಲು ಹೇಳಿದಾಗ ಉಳಿದದ್ದು ಕೆಲವೇ ಸೆಕೆಂಡು. ನಾಲ್ವರೂ ಸತ್ತರು. 2019ರ ಜುಲೈ 4ರಂದು ಬಹಾಮಾಸ್‌ನ ಬಿಗ್ ಗ್ರ್ಯಾಂಡ್ ಕೇ ದ್ವೀಪದಿಂದ ಕಾಯಿಲೆಯಾದವರನ್ನು ಫ್ಲಾರಿಡಾಕ್ಕೆ ಒಯ್ಯಲು ನಸುಕಿಗೆ ಮುನ್ನ ಮೇಲೆದ್ದ ಎಡಬ್ಲ್ಯೂ139 ಕೆಲವೇ ಕ್ಷಣಗಳಲ್ಲಿ ಕಡಲಿಗೆ ಬಿತ್ತು, ಏಳು ಜನ ಸತ್ತರು. ಅಲ್ಲಿ ಕತ್ತಲೆಯೊಂದೇ ಸಾಕಾಯಿತು. ವೇಗ ಹೆಚ್ಚುವಾಗ ಮೂತಿ ಮೇಲೆದ್ದಂತೆ ತೋರುವ ಭ್ರಮೆಯನ್ನೇ ಅಮೆರಿಕದ ತನಿಖೆ ಹೆಸರಿಸಿತು. ಎರಡರಲ್ಲೂ ಉದ್ದೇಶ ದೊಡ್ಡದು, ಆ ಜನರ ಧೈರ್ಯಕ್ಕೆ ಗೌರವ ಸಲ್ಲಬೇಕು. ಆದರೆ ತುರ್ತು ಎಂಬುದು ಅಪಾಯದ ಲೆಕ್ಕವನ್ನು ಹಗುರ ಮಾಡುವುದಿಲ್ಲ. ಹೋಗಲೇಬೇಕಾದವರಿಗೆ ಸರಿಯಾದ ನಕಾಶೆ, ಮೊದಲೇ ಪರೀಕ್ಷಿಸಿದ ಹಾದಿ, ಪೂರ್ಣ ಆಟೊಪೈಲಟ್ ಒದಗಿಸುವುದು ಅವರನ್ನು ಕಳುಹಿಸುವವರ ಹೊಣೆ.

ನೀರಿಗೆ ಬಿದ್ದ ಮೇಲಿನ ಸ್ಥಿತಿಯೂ ಮಸುಕು ಹವೆಯಲ್ಲಿ ಹದಗೆಡುತ್ತದೆ. ಎಂಜಿನ್, ಗೇರ್‌ಬಾಕ್ಸ್, ರೋಟರ್ ಎಲ್ಲ ನೆತ್ತಿಯ ಮೇಲಿರುವುದರಿಂದ ಹೆಲಿಕಾಪ್ಟರ್ ನೀರಿನಲ್ಲಿ ಬೇಗ ತಲೆಕೆಳಗಾಗುತ್ತದೆ. ಪೈಲಟ್ ತಿಳಿದು ಇಳಿಸಿದರೆ ತೇಲುಚೀಲ ಉಬ್ಬಿಸಿ, ಪ್ರಯಾಣಿಕರಿಗೆ ಕೂಗಿ ಹೇಳಿ, ಅಲೆಯ ದಿಕ್ಕು ನೋಡಿ ಇಳಿಸಲು ಸಮಯವಿರುತ್ತದೆ. ಅರಿವಿಲ್ಲದೆ ಬಡಿದಾಗ ಯಾವುದೂ ಇಲ್ಲ. ತಣ್ಣೀರು ಮೈಗೆ ತಾಕಿದೊಡನೆ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಹಿಡಿದಿಡುವ ಶಕ್ತಿ ಕೆಲವೇ ಸೆಕೆಂಡಿಗೆ ಇಳಿಯುತ್ತದೆ. ಅದಕ್ಕಾಗಿಯೇ ಕಡಲ ಕಟ್ಟೆಗಳಿಗೆ ಹೋಗುವ ಕೆಲಸಗಾರರಿಗೆ ಕೊಳದಲ್ಲಿ ಮಗುಚುವ ಮಾದರಿ ಕ್ಯಾಬಿನ್ನಿನಿಂದ ಹೊರಬರುವ ತರಬೇತಿ ಕೊಡುತ್ತಾರೆ. 2013ರ ಸಂಬರೊ ಅಪಘಾತದ ನಂತರ 2014ರ ಫೆಬ್ರವರಿಯಲ್ಲಿ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಅಲೆಗಳು ಹೆಲಿಕಾಪ್ಟರಿನ ತೇಲುವ ಮಿತಿ ಮೀರಿದ್ದರೆ ಹಾರಬಾರದೆಂದೂ, ಪ್ರಯಾಣಿಕರು ತಳ್ಳಿ ತೆರೆಯಬಹುದಾದ ಕಿಟಕಿಯ ಪಕ್ಕದಲ್ಲೇ ಕೂರಬೇಕೆಂದೂ, ನೀರಿನಡಿ ಉಸಿರಾಡುವ ತುರ್ತು ಸಾಧನ ಇರಬೇಕೆಂದೂ ಕ್ರಮ ಕೈಗೊಂಡಿತು.

ಭಾರತದಲ್ಲಿ ಈ ವಿಷಯದ ಮುಖ್ಯ ಕ್ಷೇತ್ರ ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕಿರುವ ಬಾಂಬೆ ಹೈ ತೈಲಕ್ಷೇತ್ರ. ಅರಬ್ಬಿ ಸಮುದ್ರದ ಮುಂಗಾರಿನ ತಿಂಗಳುಗಳ ಮಳೆಮೋಡದಲ್ಲೂ ಚಳಿಗಾಲದ ಮಬ್ಬಿನಲ್ಲೂ ಅಲ್ಲಿನ ಕಟ್ಟೆಗಳಿಗೆ ಹೆಲಿಕಾಪ್ಟರ್ ಸಂಚಾರ ನಡೆಯುತ್ತದೆ. 2003ರ ಆಗಸ್ಟ್‌ನಲ್ಲಿ, 2015ರ ನವೆಂಬರಿನ ಒಂದು ರಾತ್ರಿ ತರಬೇತಿ ಹಾರಾಟದಲ್ಲಿ, 2018ರ ಜನವರಿಯಲ್ಲಿ, 2022ರ ಜೂನ್‌ನಲ್ಲಿ ಅಲ್ಲಿ ಜೀವಹಾನಿಯ ಅಪಘಾತಗಳಾಗಿವೆ. ಎಲ್ಲಕ್ಕೂ ಕಾರಣ ಒಂದೇ ಎನ್ನಲಾಗದು. ದಿಗ್ಭ್ರಾಂತಿಯ ಅಧ್ಯಯನ ಮತ್ತು ತರಬೇತಿಯ ಕೇಂದ್ರ ಮಾತ್ರ ಕರ್ನಾಟಕದಲ್ಲೇ ಇದೆ: ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ಭಾರತೀಯ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ. ಪೈಲಟ್‌ಗಳನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ, ತಮ್ಮ ಮೈ ಹೇಗೆ ಸುಳ್ಳು ಹೇಳುತ್ತದೆ ಎಂಬುದನ್ನು ಅವರಿಗೇ ಅನುಭವಕ್ಕೆ ತರುವುದು ಅಲ್ಲಿನ ಕೆಲಸಗಳಲ್ಲೊಂದು. ಕರಾವಳಿ ಕಾವಲು ಪಡೆ ಬಳಸುವ ಧ್ರುವ್ ಹೆಲಿಕಾಪ್ಟರ್ ತಯಾರಾಗುವುದೂ ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ಹಾರಾಟ ರದ್ದು ಮಾಡಿದರೆ ಖರ್ಚು, ಕೆಲಸ ನಿಂತರೆ ನಷ್ಟ, ಪ್ರಯಾಣಿಕರ ಅಸಮಾಧಾನ; ಹೀಗಾಗಿ ಹವೆಯ ಮಿತಿಗಳು ಅತಿಯಾದ ಎಚ್ಚರವೆಂಬ ಆಕ್ಷೇಪ ಎಲ್ಲ ಕಡೆಯೂ ಇದೆ. ಮಿತಿ ಎಂದರೆ ಕಾಕ್‌ಪಿಟ್ಟಿನ ಒತ್ತಡ ಇಲ್ಲದ ಹೊತ್ತಿನಲ್ಲಿ, ನೆಲದ ಮೇಲೆ ಕೂತು, ಹಿಂದಿನ ಸಾವುಗಳನ್ನು ಎಣಿಸಿ ಮಾಡಿದ ನಿರ್ಧಾರ. ಇನ್ನೊಂದು ಸ್ವಲ್ಪ ಮುಂದೆ ಹೋಗಿ ನೋಡೋಣ ಎನಿಸುವ ಗಳಿಗೆಯಲ್ಲಿ ಆ ನಿರ್ಧಾರವನ್ನು ಮತ್ತೆ ಚರ್ಚೆಗೆ ತೆರೆಯದಿರುವುದೇ ಅದರ ಉಪಯೋಗ. ಪೆನ್‌ಜಾನ್ಸ್‌ನಿಂದ ಸಿಲಿಗೆ 2012ರಲ್ಲಿ ನಿಂತಿದ್ದ ಹೆಲಿಕಾಪ್ಟರ್ ಸೇವೆ 2020ರ ಮಾರ್ಚ್‌ನಲ್ಲಿ ಎಡಬ್ಲ್ಯೂ139 ಹೆಲಿಕಾಪ್ಟರಿನೊಂದಿಗೆ ಮತ್ತೆ ಶುರುವಾಯಿತು. ಆ ದ್ವೀಪಗಳಿಗೆ ಬೇಸಿಗೆಯಲ್ಲೂ ಮಂಜು ಕವಿಯುವುದುಂಟು. ಅಂಥ ದಿನ ಹಾರಾಟ ನಿಲ್ಲುತ್ತದೆ, ಜನ ಪೆನ್‌ಜಾನ್ಸ್‌ನ ಬಂದರಿಗೆ ಹೋಗಿ ಹಡಗು ಹತ್ತುತ್ತಾರೆ.